ಸ್ಯಾಂಪಲ್ ನಾವೇ ತರುತ್ತೇವೆ, ಪರೀಕ್ಷೆ ನೀವು ಮಾಡಿ

ಬಸ್ ನಿಲ್ದಾಣದ ಹಿಂದೆ, ರೈಲು ಹಳಿಯ ಪಕ್ಕದ ಗೋಡೆಗಳ ಮೇಲೆ ‘ಗುಪ್ತರೋಗಕ್ಕೆ ಖಾತರಿ ಚಿಕಿತ್ಸೆ’ ಎಂಬ ಬರಹ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ ಇದ್ದರೂ ಆ ಗೋಡೆಬರಹದ ನಂಬರಿಗೆ ಫೋನ್ ಮಾಡುವವರು ಕಡಿಮೆಯಾಗಿಲ್ಲ. ಕಾರಣ ಸರಳ. ಆಸ್ಪತ್ರೆಯ ಸರದಿಯಲ್ಲಿ ಪರಿಚಯದವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ‘ಯಾಕ ಬಂದೀಯವ್ವಾ, ಏನಾಗ್ಯಾದ?’ ಎಂದು ಕಾಳಜಿಯಿಂದಲೇ ಕೇಳುತ್ತಾರೆ. ಏನು ಹೇಳುವುದು? ಮದುವೆಯಾಗದ ಹುಡುಗಿ ಹೆರಿಗೆ ಡಾಕ್ಟರ ಬಾಗಿಲಲ್ಲಿ ಕೂತರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕಲಬುರಗಿಗೆ ಹೋಗಿ ತೋರಿಸಿಕೊಳ್ಳೋಣವೆಂದರೆ ಒಂದು ದಿನದ ಕೂಲಿ ಇಲ್ಲವೇ ಒಂದು ದಿನದ ಕಾಲೇಜು ಹೋದಂತೆ. ಅದಕ್ಕೇ ನನ್ನ ಒತ್ತಾಯ: ಲೈಂಗಿಕ ಸೋಂಕಿನ ಪರೀಕ್ಷೆಗೆ ನಾವೇ ಸ್ಯಾಂಪಲ್ ತೆಗೆದುಕೊಡುವ ಕಿಟ್ ಇಲ್ಲಿನ ಯುವಜನರಿಗೆ ಉಚಿತವಾಗಿ ಸಿಗಬೇಕು.

ಇದು ಕಷ್ಟದ ಕೆಲಸವಲ್ಲ. ಹುಡುಗರು ಸಣ್ಣ ಡಬ್ಬಿಯಲ್ಲಿ ಮೂತ್ರ ಕೊಟ್ಟರೆ ಸಾಕು. ಹುಡುಗಿಯರು ಹತ್ತಿಕಡ್ಡಿಯಿಂದ ಯೋನಿಸ್ರಾವವನ್ನು ತಾವೇ ತೆಗೆಯಬಹುದು. ಕ್ಲಮೈಡಿಯಾ, ಗೊನೊರಿಯಾ ಪತ್ತೆಗೆ ಹೀಗೆ ತೆಗೆದ ಸ್ಯಾಂಪಲ್ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಶಿಫಾರಸು ಮಾಡಿದೆ. ಇಂಗ್ಲೆಂಡಿನ ಹಲವೆಡೆ ಇಂಥ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ.

ನಮ್ಮ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ರೋಗಲಕ್ಷಣ ನೋಡಿ ಮಾತ್ರೆ ಕೊಡುತ್ತಾರೆ. ಆದರೆ ಕ್ಲಮೈಡಿಯಾ ತಗುಲಿದ ಬಹುಪಾಲು ಹೆಣ್ಣುಮಕ್ಕಳಿಗೆ ಲಕ್ಷಣಗಳೇ ಕಾಣುವುದಿಲ್ಲ. ಉರಿಯಿಲ್ಲ, ನೋವಿಲ್ಲ. ಒಳಗೊಳಗೇ ಗರ್ಭನಾಳ ಹಾಳಾಗಿ, ವರ್ಷಗಳ ನಂತರ ಮಕ್ಕಳಾಗದೇ ಹೋಗಬಹುದು. ಸೋಂಕು ತಂದವನು ಗಂಡನೇ ಆಗಿದ್ದರೂ ‘ಬಂಜೆ’ ಎಂಬ ಮಾತು ಬೀಳುವುದು ಹೆಂಡತಿಯ ತಲೆಗೆ. ಸರಿಯಾದ ಸಮಯಕ್ಕೆ ಗೊತ್ತಾದರೆ ಇದು ಕೆಲವು ದಿನಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ.

ಕಿಟ್ ನಮಗೆ ಹೊಸದೂ ಅಲ್ಲ. ಗರ್ಭ ಪರೀಕ್ಷೆಯ ‘ನಿಶ್ಚಯ್’ ಕಿಟ್ ಆಶಾ ಕಾರ್ಯಕರ್ತೆಯರ ಚೀಲದಲ್ಲೇ ಹಳ್ಳಿಗಳಿಗೆ ಬಂದಿದೆ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಆಮೇಲೆ ಮೂಗಿಗೆ ಕಡ್ಡಿ ಹಾಕಿ ತೆಗೆದ ಸ್ಯಾಂಪಲ್‌ಗಳು ಊರೂರಿನಿಂದ ಲ್ಯಾಬ್‌ಗೆ ಹೋದವು. 2021ರಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಕೊರೊನಾ ಕಿಟ್ ಔಷಧ ಅಂಗಡಿಗೂ ಬಂತು. ಆಗ ಆದದ್ದು ಈಗ ಏಕಾಗದು?

‘ಇದರಿಂದ ಹುಡುಗ–ಹುಡುಗಿಯರು ದಾರಿ ತಪ್ಪುತ್ತಾರೆ’ ಎನ್ನುವ ಹಿರಿಯರಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಥರ್ಮಾಮೀಟರ್ ಇಟ್ಟುಕೊಂಡ ಮಾತ್ರಕ್ಕೆ ಯಾರಿಗೂ ಜ್ವರ ಬರುವುದಿಲ್ಲ. ಮದುವೆಯಾದ ಯುವ ದಂಪತಿಗೂ ಈ ಪರೀಕ್ಷೆ ಬೇಕಾಗುತ್ತದೆ ಎಂಬುದನ್ನೂ ಅವರು ನೆನೆಯಲಿ.

ಹಾಗೆಂದು ಬರೀ ಕಿಟ್ ಹಂಚಿ ಕೈತೊಳೆದುಕೊಂಡರೆ ಆಗದು. ಡಬ್ಬಿಯ ಮೇಲೆ ಹೆಸರಿರಬಾರದು, ಸಂಖ್ಯೆ ಇರಬೇಕು. ಆಶಾ ಅಕ್ಕ ನಮ್ಮ ಓಣಿಯವರೇ ಆದ್ದರಿಂದ ಹಂಚುವ ಹೊಣೆ ಅವರದಾಗದಿರಲಿ. ಪದವಿ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್, ಔಷಧ ಅಂಗಡಿಗಳಲ್ಲಿ 18 ತುಂಬಿದವರಿಗೆ ಕೇಳದೆಯೇ ಕೈಗೆ ಸಿಗುವಂತಿರಲಿ. ಸೋಂಕು ಕಂಡವರಿಗೆ ಮತ್ತು ಅವರ ಸಂಗಾತಿಗೆ ಚಿಕಿತ್ಸೆ ಅದೇ ವಾರ ಸಿಗಬೇಕು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗೆ ರಕ್ತ ಬೇಕು. ಅದಕ್ಕೆ ಆಸ್ಪತ್ರೆಯ ಆಪ್ತಸಮಾಲೋಚಕರಿದ್ದಾರೆ. ಮಾಹಿತಿಗೆ 1097 ಉಚಿತ ಸಹಾಯವಾಣಿ ಇದೆ.

ಜಿಲ್ಲಾ ಆರೋಗ್ಯ ಇಲಾಖೆ ಮೊದಲು ಒಂದು ತಾಲ್ಲೂಕಿನಲ್ಲಾದರೂ ಇದನ್ನು ಶುರು ಮಾಡಲಿ. ಗೋಡೆಬರಹದವರು ನಮ್ಮ ನಾಚಿಕೆಯಿಂದಲೇ ದುಡ್ಡು ಮಾಡುತ್ತಿದ್ದಾರೆ. ಇಲಾಖೆ ಆ ನಾಚಿಕೆಗೆ ಸ್ವಲ್ಪ ಮರ್ಯಾದೆ ಕೊಟ್ಟರೆ ನಾವು ಖಂಡಿತ ಬರುತ್ತೇವೆ.