ಮೂವತ್ತು ದಿನಗಳ ನೋಟಿಸು

ಭಾನುವಾರ ಬೆಳಗ್ಗೆ ಮಾರ್ಕೆಟ್ ಯಾರ್ಡಿನ ಹೂವಿನ ಬಜಾರಿಗೆ ಹೋಗುವುದು ಪುಣೆಗೆ ಬಂದ ಮೇಲೆ ಅಂಟಿಕೊಂಡ ಅಭ್ಯಾಸ. ಗುಡಿಗೆ, ದರ್ಗಾಕ್ಕೆ, ಮದುವೆ ಮಂಟಪಕ್ಕೆ, ಕೊನೆಗೆ ಚಟ್ಟಕ್ಕೂ ಹೂ ಹೋಗುವುದು ಇಲ್ಲಿಂದಲೇ. ತಕ್ಕಡಿ ಹಿಡಿದವನು ಕೇಳುವುದು "ಕಿತಿ ಕಿಲೋ?" ಅಂತ ಮಾತ್ರ. ಯಾವ ದೇವರಿಗೆ ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕಳೆದ ವಾರ ಅಲ್ಲಿದ್ದಾಗಲೇ ನಮ್ಮ ಟೀಮಿನ ಹುಡುಗಿಯ ಫೋನು ಬಂತು. ವಿಜಯಪುರ ಜಿಲ್ಲೆಯವಳು. "ಅಣ್ಣಾ, ರಿಜಿಸ್ಟರ್ ಮದುವಿ ಆಗಾಕತ್ತೀನ್ರಿ. ಸಾಕ್ಷಿಗೆ ಬರ್ತೀರೇನು?" ಹುಡುಗ ಪುಣೆಯವನು, ಧರ್ಮ ಬೇರೆ. ಇಬ್ಬರಿಗೂ ತಮ್ಮ ತಮ್ಮ ಧರ್ಮ ಬಿಡುವ ಮನಸ್ಸಿಲ್ಲ. ಅಂಥವರಿಗೆಂದೇ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಮೂವರು ಸಾಕ್ಷಿಗಳು ಬೇಕು. ಬರ್ತೀನಮ್ಮಾ ಎಂದೆ. ಮನೆಗೆ ಬಂದು ಕಾಯ್ದೆ ತೆಗೆದು ಓದಿದೆ.

ನಮ್ಮ ಐಟಿ ಮಂದಿಗೆ ನೋಟಿಸ್ ಪೀರಿಯಡ್ ಹೊಸದೇನಲ್ಲ. ಆದರೆ ಕೆಲಸ ಬಿಡುವಾಗ ನೋಟಿಸು ಕೊಡುವುದು ಎಚ್‌ಆರ್‌ಗೆ, ಇಡೀ ಬೀದಿಗಲ್ಲ. ಇಲ್ಲಿ ಮದುವೆಗೆ ಮೊದಲು ಕೊಟ್ಟ ನೋಟಿಸನ್ನು ವಿವಾಹ ಅಧಿಕಾರಿ ತನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಖಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಒಂದು ಪ್ರತಿ ಅಲ್ಲಿಯ ಕಚೇರಿಗೂ ಹೋಗಿ ಗೋಡೆ ಏರುತ್ತದೆ. ಅಂದರೆ ಅಪ್ಪ ಅಮ್ಮನಿಗಿಂತ ಮೊದಲು ಊರಿಗೆ ಸುದ್ದಿ. ಒಂದೇ ಧರ್ಮದವರು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದರೆ ಇಂಥ ನೋಟಿಸೇ ಇಲ್ಲ.

ಕಾಯ್ದೆಗೆ ತನ್ನದೇ ಕಾರಣವಿದೆ, ಒಪ್ಪೋಣ. ಮೊದಲೇ ಮದುವೆಯಾದವನು ಮುಚ್ಚಿಟ್ಟು ಇನ್ನೊಬ್ಬಳಿಗೆ ಮೋಸ ಮಾಡಬಾರದು, ವಯಸ್ಸು ಆಗಿರಬೇಕು. ಆಕ್ಷೇಪಣೆಯನ್ನೂ ಇಂಥ ಕಾರಣಗಳಿಗೇ ಹಾಕಬೇಕು. ಧರ್ಮ ಬೇರೆ ಎಂಬುದು ಕಾರಣವೇ ಅಲ್ಲ. ಆದರೆ ದಾಖಲೆ ಪರಿಶೀಲಿಸುವುದು ಬೇರೆ, ಊರಿಗೆ ಸಾರುವುದು ಬೇರೆ. ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡಲು ಅದನ್ನು ನೋಟಿಸ್ ಬೋರ್ಡಿಗೆ ಯಾರೂ ಅಂಟಿಸುವುದಿಲ್ಲ.

ರಾಜಕೀಯ ಒಳಗೆ ಬರುವುದು ಈ ಬಾಗಿಲಿನಿಂದಲೇ. 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಅಂತರ್ಜಾತಿ, ಅಂತರ್ಧರ್ಮೀಯ ಮದುವೆಗಳ ಮಾಹಿತಿ ಕಲೆಹಾಕಲು ಒಂದು ಸಮಿತಿ ಮಾಡಿತು. ತವರಿನಿಂದ ದೂರವಾದ ಹೆಣ್ಣುಮಕ್ಕಳಿಗೆ ನೆರವು ಎಂಬುದು ವಿವರಣೆ. ಟೀಕೆ ಬಂದ ಮೇಲೆ ಅಂತರ್ಜಾತಿ ಬಿಟ್ಟುಹೋಯಿತು, ಅಂತರ್ಧರ್ಮೀಯ ಉಳಿಯಿತು. ಜಾತಿ ಮೀರಿ ಮದುವೆಯಾದವಳಿಗೆ ಬೇಡವಾದ ನೆರವು ಧರ್ಮ ಮೀರಿದವಳಿಗೆ ಮಾತ್ರ ಯಾಕೆ ಬೇಕು? ನಮ್ಮ ಕರ್ನಾಟಕದಲ್ಲೂ 2022ರ ಮತಾಂತರ ಕಾಯ್ದೆ, ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂದಿತು. ಸರ್ಕಾರ ಬದಲಾಯಿತು, 2023ರ ಜೂನಿನಲ್ಲಿ ಅದನ್ನು ರದ್ದು ಮಾಡಲು ಸಂಪುಟ ತೀರ್ಮಾನಿಸಿತು. ಒಬ್ಬರು ತಂದರು, ಇನ್ನೊಬ್ಬರು ತೆಗೆಯುತ್ತೇವೆ ಎಂದರು. ಒಬ್ಬ ಮನುಷ್ಯನ ನಂಬಿಕೆ ಚುನಾವಣೆಯ ಫಲಿತಾಂಶ ಕಾಯುತ್ತಾ ಕೂರಬೇಕೇ?

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ಎರಡು ತೀರ್ಪುಗಳಿಗೆ ಕನ್ನಡಿಗರ ಹೆಸರೇ ಇದೆ ಎಂದು ನೆನೆದರೆ ಹೆಮ್ಮೆಯಾಗುತ್ತದೆ. 1989ರಲ್ಲಿ ತಮ್ಮ ಸರ್ಕಾರ ವಜಾ ಆದದ್ದನ್ನು ಪ್ರಶ್ನಿಸಿದವರು ಎಸ್. ಆರ್. ಬೊಮ್ಮಾಯಿ. 1994ರಲ್ಲಿ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ, ಆಡಳಿತದಲ್ಲಿ ಧರ್ಮ ಬೆರೆಸುವಂತಿಲ್ಲ ಎಂದಿತು. ಆಧಾರ್ ವಿರುದ್ಧ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಾಯಿತು. ಎರಡೂ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು. ಮೊದಲನೆಯದು ಸರ್ಕಾರಕ್ಕೆ ಗೆರೆ ಎಳೆಯಿತು, ಎರಡನೆಯದು ಆ ಗೆರೆಯ ಈಚೆ ಬದುಕುವ ನಮಗೆ ಜಾಗ ಕೊಟ್ಟಿತು. ಇದೇ ಹಕ್ಕನ್ನು ಆಧರಿಸಿ 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಮದುವೆಯ ನೋಟಿಸು ಪ್ರಕಟಿಸಬೇಕೋ ಬೇಡವೋ ಎಂಬುದನ್ನು ಜೋಡಿಗೇ ಬಿಡಬೇಕು ಎಂದಿತು. ಕಾಯ್ದೆಯ ಪುಸ್ತಕದಲ್ಲಿ ಮಾತ್ರ ಆ 30 ದಿನ ಹಾಗೇ ಕೂತಿದೆ.

ಧಾರ್ಮಿಕ ಸ್ವಾತಂತ್ರ್ಯ ಎಂದರೆ ಪೂಜೆ, ನಮಾಜಿಗೆ ಅಡ್ಡಿಯಿಲ್ಲದಿರುವುದು ಅಂತಲೇ ನಾನೂ ತಿಳಿದಿದ್ದೆ. ಯಾರಿಗೂ ಮುಂಗಡ ವರದಿ ಒಪ್ಪಿಸದೆ ಬದುಕುವುದೂ ಅದರಲ್ಲಿ ಸೇರಿದೆ ಎಂದು ಈ ಹುಡುಗಿಯಿಂದ ತಿಳಿಯಿತು.

ನೋಟಿಸು ಕೊಡುವ ಹಿಂದಿನ ರಾತ್ರಿ ಅವಳು ಊರಿಗೆ ಫೋನು ಮಾಡಿದಳಂತೆ. "ಅಪ್ಪಾಜಿಗೆ ನಾನ ಹೇಳಬೇಕ್ರಿ ಅಣ್ಣಾ, ಆ ಬೋರ್ಡ್ ಹೇಳಬಾರದು" ಎಂದಳು. ಅಪ್ಪ ಏನಂದರು ಎಂದು ಕೇಳಿದೆ. "ಏನೂ ಅನ್ಲಿಲ್ಲ. ಫೋನೂ ಇಡ್ಲಿಲ್ಲ."

ಇನ್ನು ಇಪ್ಪತ್ತೆರಡು ದಿನ ಬಾಕಿ. ಹಾರಕ್ಕೆ ಮಾರ್ಕೆಟ್ ಯಾರ್ಡಿನಲ್ಲೇ ಹೇಳಿಟ್ಟು ಬಂದಿದ್ದೇನೆ. ಹೂವಿನವನು ಕೇಳಿದ್ದು ಇಷ್ಟೇ: ಎಷ್ಟು ಉದ್ದ, ಯಾವತ್ತಿಗೆ ಬೇಕು?