ಅಜ್ಜನ ಸಹಿ

ಮಕ್ಕಳೇ, 36 ವರ್ಷ ನಾನು ಬ್ಯಾಂಕಿನಲ್ಲಿ ಬೇರೆಯವರ ಸಹಿ ನೋಡಿದವನು. ಚೆಕ್ಕಿನ ಸಹಿ ನಮ್ಮ ಕಾರ್ಡಿನ ಸಹಿಗೆ ಹೊಂದದಿದ್ದರೆ ವಾಪಸ್ ಕಳಿಸುತ್ತಿದ್ದೆ. ಹೋದ ವರ್ಷ ನನ್ನ ಸಹಿಯೇ ಹೊಂದಲಿಲ್ಲ!

ಆದದ್ದಿಷ್ಟು. ಒಂದು ಮುಂಜಾನೆ ಚಹಾದ ಕಪ್ಪು ಕೈಯಿಂದ ಜಾರಿ ಬಿತ್ತು. "ಅಜ್ಜನ ಬಾಯಿ ಸೊಟ್ಟ ಆಗೇತಿ!" ಎಂದು ಮೊಮ್ಮಗಳು ಕೂಗಿದಳು. ಲಕ್ವಾ ಹೊಡೆದಿತ್ತು. ಅವಳು ಕೂಗಿದ್ದೇ ನನ್ನ ಪುಣ್ಯ. ನೀವೂ ನೆನಪಿಡಿ: ಮುಖ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಬೇಕು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕಾಗುತ್ತದೆ.

ಜೀವ ಉಳಿಯಿತು. ಆದರೆ ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಹೀಗಾಗಿ ಮೂರು ವಾರ ಆಸ್ಪತ್ರೆಯ ಪುನಶ್ಚೇತನ ವಾರ್ಡಿನಲ್ಲೇ ಉಳಿದೆ. ಅಲ್ಲಿ ಗುಳಿಗೆಗಿಂತ ಪಾಠವೇ ಹೆಚ್ಚು. ಮುಂಜಾನೆ ಹಾಸಿಗೆಯಿಂದ ಏಳುವುದು, ನಿಲ್ಲುವುದು, ಎರಡು ಸರಳು ಹಿಡಿದು ನಡೆಯುವುದು. ಮಧ್ಯಾಹ್ನ ಅಂಗಿಯ ಗುಂಡಿ ಹಾಕುವುದು, ಬಟ್ಟಲಿನಿಂದ ಕಾಳು ಒಂದೊಂದೇ ಹೆಕ್ಕುವುದು. ಮಿದುಳಿನ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಉಳಿದ ಭಾಗ ಅದನ್ನು ಕಲಿಯಬಲ್ಲದು, ನೀವು ಮಗ್ಗಿ ಕಲಿತಂತೆ.

ಹತ್ತನೇ ದಿನ ಕಾಳೆಲ್ಲ ಚೆಲ್ಲಿಬಿಟ್ಟೆ. "ನನ್ನ ಕೈಲೆ ಆಗೂದಿಲ್ಲ ತಂಗಿ, ಮನಿಗೆ ಕಳಸಿಬಿಡ್ರಿ" ಎಂದು ಅತ್ತೆ. ಥೆರಪಿಸ್ಟ್ ಹುಡುಗಿ ಬೈಯಲಿಲ್ಲ. ಕಾಳು ಆರಿಸುತ್ತಾ ಡಾ. ಮೇರಿ ವರ್ಗೀಸರ ಕಥೆ ಹೇಳಿದಳು.

ಅವರು ವೆಲ್ಲೂರಿನ ಆಸ್ಪತ್ರೆಯಲ್ಲಿ ಎಳೆಯ ವೈದ್ಯೆ. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲು ಹೋದವು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ವಿದ್ಯೆ ಕಲಿತು ಬಂದರು. ಅವರ ದುಡಿಮೆಯಿಂದ 1966ರಲ್ಲಿ ವೆಲ್ಲೂರಿನಲ್ಲಿ, ರೋಗಿಗಳು ಉಳಿದುಕೊಂಡು ಮತ್ತೆ ಬದುಕು ಕಲಿಯುವ ಭಾರತದ ಮೊದಲ ಕೇಂದ್ರ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು.

ಕಥೆ ಮುಗಿದಾಗ ಹುಡುಗಿ ಬಟ್ಟಲು ಮುಂದಿಟ್ಟಳು. "ಇನ್ನೊಮ್ಮೆ ನೋಡೋಣ ಅಜ್ಜಾರ." ನೋಡಿದೆ.

ಮನೆಗೆ ಬಂದ ಮೇಲೆ ನನ್ನಾಕೆ ಪ್ರೀತಿಯಿಂದ ತುತ್ತು ಮಾಡಿ ಬಾಯಿಗಿಡಲು ಬಂದಳು. ಮೊಮ್ಮಗಳು ತಡೆದಳು. "ಅಜ್ಜೀ, ಆ ಅಕ್ಕಾರು ಏನ್ ಹೇಳ್ಯಾರ? ಅಜ್ಜನ ಉಣ್ಣಲಿ ಬಿಡು." ಒಂದು ರೊಟ್ಟಿ ಮುರಿದು ತಿನ್ನಲು ಅರ್ಧ ಗಂಟೆ ಹಿಡಿಯಿತು. ಅವಳು ಏಳದೆ ಜೊತೆಗೇ ಕೂತಿದ್ದಳು.

ನಿಮ್ಮ ಮನೆಯ ಅಜ್ಜ, ಅಜ್ಜಿ ಗುಂಡಿ ಹಾಕಲು ತಡ ಮಾಡಿದರೆ ನೀವೇ ಹಾಕಿಬಿಡಬೇಡಿ. ಪಕ್ಕದಲ್ಲಿ ನಿಂತು ಸ್ವಲ್ಪ ಕಾಯಿರಿ. ಬೀಳುವಂತಿದ್ದರೆ ಮಾತ್ರ ಕೈ ಕೊಡಿ.

ಬ್ಯಾಂಕಿನಲ್ಲಿ ಹೊಸ ಸಹಿ ಮಾಡಿಕೊಟ್ಟೆ. ಇರುವೆ ಸಾಲಿನಂತಿದೆ. ಮೊನ್ನೆ ಪಿಂಚಣಿ ತೆಗೆಯಲು ಹೋದಾಗ ಕೌಂಟರಿನ ಹುಡುಗ ಎರಡು ಸಲ ನೋಡಿದ. ನನ್ನ ಎದೆ ಡವಡವ!

"ಹೊಂದತೈತ್ರಿ ಸರ್" ಅಂದ.