ಕರೆಂಟ್ ಗಾಡಿ: ಮೈಲೇಜ್ ಕೇಳುವ ಮುಂಚೆ ಸಾಮಾನು ಕೇಳಿರಿ

ನಮ್ಮ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಳ್ಳಿಗಳಲ್ಲಿ ಕರೆಂಟ್ ಗಾಡಿ ಈಗ ಹೊಸದಲ್ಲ. ಡೇರಿಗೆ ಹಾಲಿನ ಕ್ಯಾನ್ ಒಯ್ಯಲು, ಹೊಲಕ್ಕೆ ಬುತ್ತಿ ಮುಟ್ಟಿಸಲು, ಸಂತೆಗೆ ಹೋಗಿ ಬರಲು ಅದು ಚೆನ್ನಾಗಿ ಹೊಂದುತ್ತದೆ. ಪೆಟ್ರೋಲಿನ ಖರ್ಚು ಅನುಭವಿಸಿದವರಿಗೆ ಅದರ ಲಾಭ ಬಿಡಿಸಿ ಹೇಳಬೇಕಿಲ್ಲ. 60 ವೋಲ್ಟ್, 24 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಗುಣಿಸಿದಾಗ 1,440 ವ್ಯಾಟ್-ಅವರ್. ಚಾರ್ಜರಿನಲ್ಲಿ ಹೋಗುವ ನಷ್ಟ ಹಿಡಿದರೂ ಎರಡು ಯೂನಿಟ್ಟಿನೊಳಗೆ ತುಂಬುತ್ತದೆ.

ಆದರೆ ಅಂಗಡಿಗೆ ಹೋದ ನಮ್ಮವರು ಕೇಳೋದು ಎರಡೇ ಮಾತು. "ಎಷ್ಟು ಕಿಲೋಮೀಟರ್ ಓಡತೈತ್ರಿ? ಕಡೀಕ ಎಷ್ಟಕ್ಕ ಕೊಡ್ತೀರಿ?" ಮೂರನೆಯ ಮಾತು, "ಕೆಟ್ಟರ ಇದರ ಸಾಮಾನು ಎಲ್ಲಿ ಸಿಗತೈತ್ರಿ?" ಅಂತ ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದೇ ಅದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಒಕ್ಕಲಿಗನಿಗೆ ಒಳ್ಳೆ ಗಾಡಿ ಎಂದರೆ ತಾಲೂಕು ಪೇಟೆಯಲ್ಲಿ ಬಿಚ್ಚಿ ಜೋಡಿಸಬಲ್ಲ ಗಾಡಿ.

ನನ್ನ ಗಾಡಿ 2021ರಲ್ಲಿ ತಂದದ್ದು. ಮಾರಿದ ಅಂಗಡಿ ಎರಡು ವರ್ಷದಲ್ಲಿ ಬಾಗಿಲು ಹಾಕಿತು. ಆದರೂ ಗಾಡಿ ಇವತ್ತಿಗೂ ಓಡತೈತಿ. ಕಾರಣ ಇಷ್ಟೇ, ಅದರ ಕಂಟ್ರೋಲರ್, ಎಕ್ಸಲೇಟರ್, ಬ್ರೇಕ್ ಸ್ವಿಚ್ ಎಲ್ಲವೂ ಸಾದಾ ಸಾಮಾನು. ನನಗೆ ಮಿರಜದಲ್ಲೇ ಸಿಕ್ಕವು. ನೆರೆಹೊಲದವರ ಗಾಡಿ ನನ್ನದಕ್ಕಿಂತ ಎಷ್ಟೋ ಚೆಂದ, ಮೊಬೈಲಿನಂಥ ಪರದೆ ಬೇರೆ ಇದೆ. ಆದರೆ ಅದಕ್ಕೆ ಅದೇ ಕಂಪನಿಯ ಕಂಟ್ರೋಲರೇ ಬೇಕು, ಬೇರೆ ಹಾಕಿದರೆ ಒಳಗಿನ ಗಣಕ ಒಪ್ಪುವುದಿಲ್ಲ. ಹಿಂಗಾರಿ ಜೋಳದ ಬಿತ್ತಿಗೆಗೆ ಹದ ಬಂದಾಗಲೇ ಆ ಗಾಡಿ ಇಪ್ಪತ್ತು ದಿನ ಶೆಡ್ಡಿನಲ್ಲಿ ನಿಂತಿತು. ಮಡ್ಡಿ ಹೊಲದವರಿಗೆ ಹದ ಮೂರು-ನಾಲ್ಕು ದಿನದ ಮಾತು. ಅದು ಯಾರಿಗೂ ಕಾಯುವುದಿಲ್ಲ.

ದೊಡ್ಡ ಕಂಪನಿಯ ಗಾಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅವರ ರಿಪೇರಿ ಕೇಂದ್ರ ನಿಮ್ಮ ತಾಲೂಕಿನಲ್ಲೇ ಇದ್ದು, ಅಲ್ಲಿ ಸಾಮಾನಿನ ದಾಸ್ತಾನೂ ಇದ್ದರೆ ಧಾರಾಳ ತಗೊಳ್ಳಿ. ಬೋರ್ಡು ನೋಡಿ ನಂಬಬೇಡಿ. ಒಳಗೆ ಹೋಗಿ, ಕಂಟ್ರೋಲರ್ ಮತ್ತು ಚಾರ್ಜರ್ ಇವತ್ತು ಕಪಾಟಿನಲ್ಲಿ ಇವೆಯೋ ಇಲ್ಲವೋ ಕೇಳಿ.

ಬ್ಯಾಟರಿ: ಗಾಡಿಯ ಅರ್ಧ ಬೆಲೆ ಇದರಲ್ಲೇ

ಕಡಿಮೆ ಬೆಲೆಯ ಗಾಡಿಗಳಲ್ಲಿ ಸೀಸದ ಬ್ಯಾಟರಿ ಇರುತ್ತದೆ. 48 ವೋಲ್ಟಿನದಕ್ಕೆ 12 ವೋಲ್ಟಿನ ನಾಲ್ಕು, 60 ವೋಲ್ಟಿನದಕ್ಕೆ ಐದು. ಸಾಲಾಗಿ ಜೋಡಿಸಿದ್ದರಿಂದ ಒಂದು ಸತ್ತರೆ ಉಳಿದವಕ್ಕೂ ಪೆಟ್ಟು. ಹಳೆಯ ನಾಲ್ಕರ ಜೊತೆ ಹೊಸದೊಂದನ್ನು ಸೇರಿಸುವುದು ಮುದಿ ಎತ್ತಿನ ಜೋಡಿಗೆ ಹೋರಿ ಕಟ್ಟಿದಂತೆ. ಬದಲಿಸಿದರೆ ಪೂರಾ ಸೆಟ್ಟು ಬದಲಿಸಬೇಕು. ಸೀಸದ್ದನ್ನು ಖಾಲಿ ಇಡಬಾರದು. ಓಡಿಸಿ ಬಂದ ದಿನವೇ ಚಾರ್ಜಿಗೆ ಹಾಕಬೇಕು, ಇಲ್ಲವಾದರೆ ಒಳಗಿನ ಪಟ್ಟಿಗಳಿಗೆ ಬಿಳಿ ಪದರ ಗಟ್ಟಿಯಾಗಿ ಕೂತು ಶಕ್ತಿ ಕುಗ್ಗುತ್ತದೆ.

ಲಿಥಿಯಂನಲ್ಲಿ ನಮಗೆ ಗೊತ್ತಿರಬೇಕಾದ ಜಾತಿ ಎರಡು. ಒಂದು ಎನ್‌ಎಂಸಿ. ಹಗುರ, ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ. ಇನ್ನೊಂದು ಎಲ್‌ಎಫ್‌ಪಿ. ಸ್ವಲ್ಪ ಭಾರ, ಆದರೆ ಬಾಳಿಕೆ ಜಾಸ್ತಿ, ಬಿಸಿಯನ್ನೂ ಹೆಚ್ಚು ತಡೆಯುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು ನೋಡಿದರೆ, ಆಯ್ಕೆ ಇದ್ದಾಗ ಎಲ್‌ಎಫ್‌ಪಿ ಮೇಲು. ಲಿಥಿಯಂ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೂರ್ತಿ ತುಂಬಿಯೂ ಇಡಬಾರದು, ಖಾಲಿಯೂ ಇಡಬಾರದು. ಅರ್ಧದಷ್ಟು ಚಾರ್ಜ್ ಇರಲಿ.

2022ರಲ್ಲಿ ದೇಶದ ಹಲವು ಕಡೆ ಈ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮ ಎಐಎಸ್-156 ಅನ್ನು ಬಿಗಿ ಮಾಡಿತು. ಅದು ಎರಡು ಹಂತದಲ್ಲಿ, 2022ರ ಡಿಸೆಂಬರಿನಲ್ಲಿ ಮತ್ತು 2023ರ ಮಾರ್ಚ್ ಕೊನೆಗೆ ಜಾರಿಗೆ ಬಂತು. ಬ್ಯಾಟರಿ ಕೊಳ್ಳುವಾಗ ಆ ಹೆಸರು ಹಿಡಿದೇ ಕೇಳಿ. ಬಿಲ್ಲು, ನಂಬರು, ವಾರಂಟಿ ಕಾಗದ ಇಲ್ಲದ ಜೋಡಣೆ ಬ್ಯಾಟರಿ ಎಷ್ಟೇ ಸಸ್ತಾ ಇರಲಿ, ಮನೆಯೊಳಗೆ ತರಬೇಡಿ.

ಚಾರ್ಜರ್ ಸಾಲ ಕೊಡಬೇಡಿ, ಇಸಕೊಳ್ಳಬೇಡಿ

ಹಳ್ಳಿಯಲ್ಲಿ ಕೂರಿಗೆ, ಹಗ್ಗ ಇಸಕೊಂಡಂತೆ ಚಾರ್ಜರನ್ನೂ ಇಸಕೊಳ್ಳುವ ರೂಢಿ ಬಂದಿದೆ. ಇದು ಅಪಾಯ. 48 ವೋಲ್ಟ್ ಎಂದು ಬರೆದ ಎಲ್ಲ ಚಾರ್ಜರ್ ಒಂದೇ ಅಲ್ಲ. 13 ಸಾಲಿನ ಎನ್‌ಎಂಸಿ ಬ್ಯಾಟರಿಗೆ 54.6 ವೋಲ್ಟಿನಲ್ಲಿ ನಿಲ್ಲಬೇಕು. 16 ಸಾಲಿನ ಎಲ್‌ಎಫ್‌ಪಿ ಚಾರ್ಜರ್ 58.4 ವೋಲ್ಟಿನ ತನಕ ಏರುತ್ತದೆ. ಎರಡನೆಯದನ್ನು ಮೊದಲನೆಯದಕ್ಕೆ ಹಚ್ಚಿದರೆ, ಒಳಗಿನ ಕಾವಲು ಸರ್ಕಿಟ್ ಕೈಕೊಟ್ಟ ದಿನ ಬೆಂಕಿ ಏಳಬಹುದು. ಚಾರ್ಜರಿನ ಬೆನ್ನ ಮೇಲೆ 'ಔಟ್‌ಪುಟ್' ಎಂಬಲ್ಲಿ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿ. ಹೊಸದು ತರುವಾಗ ಆ ಅಂಕಿಯ ಜೊತೆಗೆ ಬ್ಯಾಟರಿಯ ಜಾತಿಯೂ ಹೊಂದಬೇಕು, ಪಿನ್ನಿನ ಪ್ಲಸ್-ಮೈನಸ್ ಸಹ ತಾಳೆ ಆಗಬೇಕು.

ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಅರ್ಧ ತಾಸು ನೆರಳಲ್ಲಿ ಆರಲಿ. ಕಣಿಕೆ ಬಣವಿ, ಹೊಟ್ಟಿನ ಕೋಣೆ, ಮಲಗುವ ಕೋಣೆ, ಬಾಗಿಲ ಬಾಯಿ, ಈ ನಾಲ್ಕು ಕಡೆ ಚಾರ್ಜಿಂಗ್ ಬೇಡ.

ಕಂಟ್ರೋಲರ್ ಮತ್ತು ಮೋಟಾರು

ಗಾಡಿ ನಿಂತ ಕೂಡಲೇ "ಕಂಟ್ರೋಲರ್ ಸುಟ್ಟೈತಿ" ಅನ್ನುವ ಮಿಸ್ತ್ರಿಗಳು ಇದ್ದಾರೆ. ಅದಕ್ಕೂ ಮೊದಲು ಕಾಸು ಖರ್ಚಿಲ್ಲದೆ ನೋಡುವ ಕೆಲಸ ಇವೆ. ಸೀಟಿನ ಕೆಳಗಿನ ಎಂಸಿಬಿ ಬಿದ್ದಿದೆಯೇ? ಸೈಡ್ ಸ್ಟ್ಯಾಂಡಿನ ಸ್ವಿಚ್ ಸಿಕ್ಕಿಕೊಂಡಿದೆಯೇ? ಬ್ರೇಕ್ ಹಿಡಿಕೆಯ ಸ್ವಿಚ್ ವಾಪಸು ಬಂದಿದೆಯೇ? ಬ್ರೇಕ್ ಹಿಡಿದಂತೆ ತೋರಿಸಿದರೆ ಕಂಟ್ರೋಲರ್ ಮೋಟಾರಿಗೆ ಕರೆಂಟು ಬಿಡುವುದೇ ಇಲ್ಲ. ದೀಪ ಹತ್ತುತ್ತದೆ, ಗಾಡಿ ಓಡುವುದಿಲ್ಲ. ಆ ಸಣ್ಣ ಸ್ವಿಚ್ಚಿನ ಬೆಲೆಗೂ ಕಂಟ್ರೋಲರಿನ ಬೆಲೆಗೂ ಹೋಲಿಕೆಯೇ ಇಲ್ಲ.

ಕಂಟ್ರೋಲರ್ ನಿಜವಾಗಿ ಹೋಗಿದ್ದರೆ ಮೂರು ತಾಳೆ ನೋಡಬೇಕು: ವೋಲ್ಟ್, ಮೋಟಾರಿನ ವ್ಯಾಟ್, ಎಳೆಯುವ ಆಂಪಿಯರ್. ಜೋರು ಬರಲಿ ಎಂದು ಹೆಚ್ಚು ಆಂಪಿಯರಿನದು ಹಾಕಿಸಿದರೆ ವೈರು, ಬ್ಯಾಟರಿ ಎರಡೂ ಕಾಯುತ್ತವೆ.

ಹಿಂದಿನ ಗಾಲಿಯಲ್ಲೇ ಮೋಟಾರು ಇರುವ ಗಾಡಿಗಳಲ್ಲಿ ಪಂಕ್ಚರ್ ತೆಗೆಸುವಾಗ ಹತ್ತಿರವೇ ನಿಲ್ಲಿ. ಮೋಟಾರಿನ ವೈರುಗಳು ಅಚ್ಚಿನ ತೂತಿನಿಂದ ಹೊರಬರುತ್ತವೆ. ಮೂರು ದಪ್ಪ, ಐದಾರು ಸಣ್ಣ. ಅಚ್ಚು ತಿರುಗದಂತೆ ಹಿಡಿಯುವ ವಾಶರನ್ನು ಹಾಕದೆ, ನಟ್ಟು ಬಿಗಿ ಮಾಡದೆ ಕಳಿಸಿದರೆ ಅಚ್ಚೇ ತಿರುಗಿ ವೈರು ಹರಿದುಕೊಳ್ಳುತ್ತದೆ. ಒಂದು ಪಂಕ್ಚರಿಗೆ ಹೋಗಿ ಮೋಟಾರು ಕಳಕೊಂಡಂತೆ ಆಗುತ್ತದೆ.

ಎರೆ ಹೊಲದ ರಾಡಿ ತೊಳೆಯಲು ಪಂಪಿನ ಜೋರು ನೀರು ಬಿಡಬೇಡಿ. ಐಪಿ-67 ಎಂದು ಬರೆದ ಬ್ಯಾಟರಿಗೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಡೆಯುವ ಪರೀಕ್ಷೆ ಆಗಿರುತ್ತದೆ. ಆ ಮಾತು ಡಬ್ಬಿಗೆ ಮಾತ್ರ, ಹೊರಗಿನ ಪ್ಲಗ್ಗುಗಳಿಗೆ, ಕಂಟ್ರೋಲರಿಗೆ ಅಲ್ಲ. ಕೃಷ್ಣಾ ದಂಡೆಯ ಊರಿನವರು ಹೊಳೆ ಏರಿದಾಗ ಎತ್ತು-ಎಮ್ಮೆಯ ಜೊತೆ ಗಾಡಿಯನ್ನೂ ಎತ್ತರಕ್ಕೆ ಸಾಗಿಸಲಿ. ಮುಳುಗಿದ ಗಾಡಿಯನ್ನು ಒಣಗಿಸಿ ಮಿಸ್ತ್ರಿಗೆ ತೋರಿಸದೆ ಚಾರ್ಜಿಗೆ ಹಾಕುವುದು ಸಲ್ಲ.

ವೇಗದ ಆಸೆ

ಮೋಟಾರು 250 ವ್ಯಾಟಿನೊಳಗೆ, ವೇಗ ತಾಸಿಗೆ 25 ಕಿಲೋಮೀಟರಿನೊಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋದೊಳಗೆ ಇರುವ ಗಾಡಿಯನ್ನು ಕಾಯ್ದೆ ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಅದಕ್ಕೇ ನೋಂದಣಿ, ಲೈಸೆನ್ಸ್ ಬೇಕಿಲ್ಲ. ಕೆಲವರು ಕಂಟ್ರೋಲರಿನ ವೇಗದ ವೈರು ಬಿಡಿಸಿ 40ರಲ್ಲಿ ಓಡಿಸುತ್ತಾರೆ. ಅಲ್ಲಿಗೆ ಆ ವಿನಾಯಿತಿ ಮುಗಿಯಿತು. ಯಾರಿಗಾದರೂ ಬಡಿದರೆ ವಿಮೆ ಇಲ್ಲ, ಕಾಗದ ಇಲ್ಲ, ಹೊಲ ಮಾರಿ ಕಟ್ಟಬೇಕಾದೀತು.

ಸರ್ಕಾರಕ್ಕೆ, ಕಂಪನಿಗಳಿಗೆ ಎರಡು ಮಾತು

ಹೊಸ ಕರೆಂಟ್ ಗಾಡಿಗೆ 2019ರ ಆಗಸ್ಟಿನಿಂದ ಜಿಎಸ್‌ಟಿ ಶೇಕಡಾ 5. ಅದೇ ಗಾಡಿಗೆ ಬದಲಿ ಬ್ಯಾಟರಿ ಕೊಂಡರೆ ಶೇಕಡಾ 18. ಸೀಸದ ಬ್ಯಾಟರಿಗೆ 2025ರ ಸೆಪ್ಟೆಂಬರ್ ತನಕ 28 ಇತ್ತು, ಈಗ ಅದೂ 18 ಆಗಿದೆ. ಅಂದರೆ ಹೊಸದು ಕೊಳ್ಳುವವನಿಗೆ ರಿಯಾಯಿತಿ, ಇದ್ದುದನ್ನು ಜೋಪಾನ ಮಾಡುವವನಿಗೆ ದಂಡ. ಬದಲಿ ಬ್ಯಾಟರಿಗೂ 5 ಮಾಡಬೇಕು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರಲ್ಲಿ ಕೃಷಿ ಉಪಕರಣವೂ ಇದೆ, ವಾಹನವೂ ಇದೆ. ಆ ಹಕ್ಕು ನಮ್ಮ ಊರಿನ ಗ್ಯಾರೇಜಿನ ತನಕ ಬರಬೇಕಾದರೆ ಪ್ರತಿ ಗಾಡಿಯ ಜೊತೆ ವೈರಿಂಗಿನ ನಕ್ಷೆ, ಬಿಡಿಸಾಮಾನಿನ ಬೆಲೆಪಟ್ಟಿ ಕನ್ನಡದಲ್ಲಿ ಕೊಡುವುದು ಕಡ್ಡಾಯವಾಗಬೇಕು. ಐಟಿಐ ಓದಿದ ನಮ್ಮ ಹುಡುಗರಿಗೆ ಆ ನಕ್ಷೆ ಸಿಕ್ಕರೆ ಸಾಕು, ಉಳಿದದ್ದು ಅವರೇ ಮಾಡುತ್ತಾರೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಶುರು ಮಾಡಿದ್ದೂ ಸೈಕಲ್ ಅಂಗಡಿಯನ್ನೇ. ಅಲ್ಲಿಂದ ಕಬ್ಬಿಣದ ನೇಗಿಲಿನ ತನಕ ಹೋದರು. ಬಿಚ್ಚಿ ನೋಡಿ ಕಲಿಯುವ ಗುಣ ಈ ನೆಲಕ್ಕೆ ಹೊಸದಲ್ಲ.

ಅಲ್ಲಿಯ ತನಕ ನಾವೇ ಒಬ್ಬರಿಗೊಬ್ಬರು ಆಗಬೇಕು. ನಿಮ್ಮ ಪೇಟೆಯಲ್ಲಿ ಯಾವ ಗಾಡಿಯ ಯಾವ ಸಾಮಾನು ಸಿಗುತ್ತದೆ, ಎಷ್ಟಕ್ಕೆ ಸಿಕ್ಕಿತು, ಎಷ್ಟು ದಿನ ಬಾಳಿತು, ಇಷ್ಟನ್ನು ಒಂದು ಕಾರ್ಡಿನಲ್ಲಿ ಈ ಪತ್ರಿಕೆಗೆ ಬರೆಯಿರಿ. ಹತ್ತು ಊರಿನ ಹತ್ತು ಕಾರ್ಡು ಸೇರಿದರೆ, ಮುಂದೆ ಕೊಳ್ಳುವವನಿಗೆ ಅಂಗಡಿಯವನ ಬಣ್ಣದ ಹಾಳೆಗಿಂತ ಅವೇ ಹೆಚ್ಚು ಉಪಯೋಗ.